ಒಂದೂವರೆ ಬುರುಡೆ

ಯುದ್ಧ ಹೂಡಬೇಕೋ ಬೇಡವೋ ಎಂಬಂಥ ಪ್ರಶ್ನೆಗಳನ್ನು ದೊಡ್ಡವರು ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಇತ್ಯರ್ಥ ಮಾಡಿದ್ದುಂಟು. ಆದರೆ ‘ಬೂದಿಗವಿಯ ಒಡೆಯ’ ಎಂಬ ತೆಳ್ಳನೆಯ ಪುಸ್ತಕಕ್ಕೆ ಐದು ಬುರುಡೆಗಳ ಪೈಕಿ ಒಂದೂವರೆ ಕೊಡಬೇಕೋ ಎರಡು ಕೊಡಬೇಕೋ ಎಂಬ ಪ್ರಶ್ನೆ ಅಷ್ಟು ಹಗುರವಾದದ್ದಲ್ಲ. ೧೯೮೫ರ ಚಳಿಗಾಲದಲ್ಲಿ, ವಿಸ್ಕಾನ್ಸಿನ್ ಸೀಮೆಯ ಕ್ಲೋವರ್ ಪ್ರೇರಿ ಎಂಬ ಊರಿನಲ್ಲಿ, ಆರ್ವಿಡ್ ಸ್ಕೌಗ್ ಎಂಬುವನು ತನ್ನ ಮನೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಕೂತು ಈ ಪ್ರಶ್ನೆಯನ್ನು ವಾರಗಟ್ಟಲೆ ತಲೆಯ ಮೇಲೆ ಹೊತ್ತ. ಕೊನೆಗೆ ಒಂದೂವರೆ ಎಂದು ಬರೆದು ಅಂಚೆಗೆ ಹಾಕಿದ. ಕೊಡದೆ ಉಳಿಸಿಕೊಂಡ ಆ ಅರ್ಧ ಬುರುಡೆಯಿಂದ ಊರಿಗೆ ಒದಗಿದ ಗತಿ ಏನೆಂಬುದೇ ಇಲ್ಲಿಯ ವೃತ್ತಾಂತ.

ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬ ತಾನು ಖಡ್ಗವೀರನೆಂದು, ಇನ್ನೊಬ್ಬ ತಾನು ಮಂತ್ರವಾದಿಯೆಂದು ಹೇಳಿಕೊಂಡು, ವಿಚಿತ್ರ ಮುಖಗಳ ದಾಳ ಉರುಳಿಸಿ, ಇಲ್ಲದ ಗವಿಯೊಳಗೆ ಹೊಕ್ಕು ಇಲ್ಲದ ರಾಕ್ಷಸರನ್ನು ಕೊಲ್ಲುವ ಆಟ ಹುಟ್ಟಿದ್ದೇ ಆ ಸೀಮೆಯ ಚಳಿಗೆ. ಗವಿಯಲ್ಲಿ ಏನಿದೆ, ಯಾವ ಬಾಗಿಲ ಹಿಂದೆ ಯಾರು ಹಲ್ಲು ಮಸೆಯುತ್ತಿದ್ದಾರೆ ಎಂದು ಹೇಳುವವನು ಸೂತ್ರಧಾರ. ಅವನಿಗೆ ಅದನ್ನೆಲ್ಲ ನಕ್ಷೆ ಸಮೇತ ಒದಗಿಸುವುದು ಅಚ್ಚಾದ ಸಾಹಸ ಪುಸ್ತಕ. ಆ ಪುಸ್ತಕ ಕೊಳ್ಳಲು ಯೋಗ್ಯವೋ ಒಲೆಗೆ ಯೋಗ್ಯವೋ ಎಂದು ಹೇಳುವವನು ಆರ್ವಿಡ್. ‘ಪಂಜು ಮತ್ತು ಗಳು’ ಎಂಬ ತ್ರೈಮಾಸಿಕದ ಕೊನೆಯ ಪುಟ ಅವನದು. ಅಲ್ಲಿ ಪುಸ್ತಕಗಳಿಗೆ ಅಂಕದ ಬದಲು ತಲೆಬುರುಡೆಯ ಚಿತ್ರ ಹಾಕುತ್ತಿದ್ದರು. ಊರಿನಲ್ಲಿ ಅವನು ‘ತಕ್ಕಡಿ ಆರ್ವಿಡ್’. ಆ ಪುಟದಲ್ಲಿ ಮಾತ್ರ ‘ಎ. ಸ್ಕೌಗ್, ವಿಮರ್ಶಕ’. ನೆಬ್ರಾಸ್ಕಾದಿಂದ ಯಾರೋ ಒಬ್ಬ ಅವನಿಗೆ ‘ಮಾನ್ಯರೇ’ ಎಂದು ಕಾಗದ ಬರೆದು ಬೈದಿದ್ದ. ಅದನ್ನು ಆರ್ವಿಡ್ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದ. ಮಾನ್ಯನಾಗಿ ಬೈಸಿಕೊಂಡದ್ದು ಅವನ ಜೀವಮಾನದಲ್ಲಿ ಅದೊಂದೇ ಸಲ.

ತಕ್ಕಡಿ ಆರ್ವಿಡ್ ಎಂಬ ಹೆಸರಿಗೆ ಕಾರಣ ಅವನ ನೌಕರಿ. ಅವನು ಜಿಲ್ಲೆಯ ತೂಕ ಮತ್ತು ಅಳತೆಗಳ ಇನ್‌ಸ್ಪೆಕ್ಟರು. ಪೆಟ್ರೋಲ್ ಪಂಪಿನಿಂದ ಹಿಡಿದು ಮಾಂಸದಂಗಡಿಯ ತಕ್ಕಡಿಯ ತನಕ, ಪೆಟ್ಟಿಗೆಯಿಂದ ಹಿತ್ತಾಳೆಯ ಬಟ್ಟು ತೆಗೆದು ಇಟ್ಟು ನೋಡದೆ ಯಾವುದಕ್ಕೂ ಮುದ್ರೆ ಒತ್ತಿದವನಲ್ಲ. ಸ್ವಂತ ಅಣ್ಣನ ಚೀಸ್ ಅಂಗಡಿಯ ತಕ್ಕಡಿಗೆ ಕೆಂಪು ಚೀಟಿ ಅಂಟಿಸಿ ಎರಡು ಕ್ರಿಸ್‌ಮಸ್ ಆ ಮನೆಯ ಊಟ ಕಳೆದುಕೊಂಡವನು. ಇಂಥ ಮನುಷ್ಯ ಸಾಹಸ ಪುಸ್ತಕಗಳನ್ನು ಮಾತ್ರ ಕೈಯಲ್ಲೇ ತೂಗುತ್ತಿದ್ದ.

ಪತ್ರಿಕೆಯ ನಿಯಮ ಸ್ಪಷ್ಟವಾಗಿತ್ತು: ಆಡಿ ನೋಡದ ಪುಸ್ತಕದ ವಿಮರ್ಶೆ ಅಚ್ಚಾಗುವುದಿಲ್ಲ. ಆಡಲು ಜನ ಬೇಕು. ಕ್ಲೋವರ್ ಪ್ರೇರಿಯಲ್ಲಿ ಇಸ್ಪೀಟಿಗೆ ಜನ ಇದ್ದರು, ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಇಡೀ ದಿನ ಅದನ್ನೇ ನೋಡುತ್ತ ಕೂರುವುದಕ್ಕೆ ಜನ ಇದ್ದರು. ತಾನೊಬ್ಬ ಕೊಡಲಿ ಹಿಡಿದ ಕುಬ್ಜ ಎಂದು ಬಾಯಿಬಿಟ್ಟು ಹೇಳುವುದಕ್ಕೆ ಒಬ್ಬನೂ ಇರಲಿಲ್ಲ. ಆದ್ದರಿಂದ ಆರ್ವಿಡ್ ಮನಸ್ಸಿನಲ್ಲೇ ಒಂದು ಮೇಜು ಹಾಕಿದ. ಅದರ ಸುತ್ತ ನೆರೆಹೊರೆಯವರನ್ನು ಕೂರಿಸಿದ. ಅವರವರ ನಿಜವಾದ ಹೆಸರುಗಳನ್ನೇ ಇಟ್ಟುಕೊಂಡ. ಸುಳ್ಳು ಹೆಸರು ಹಾಕಿದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ ಎಂದು ಅವನ ಪ್ರಾಮಾಣಿಕ ಮನಸ್ಸು ಎಚ್ಚರಿಸಿತ್ತು.

‘ಬೂದಿಗವಿಯ ಒಡೆಯ’ದ ವಿಮರ್ಶೆ ಹೀಗಿತ್ತು:

“ನಾಲ್ಕು ಸಂಜೆ ಈ ಸಾಹಸವನ್ನು ನಮ್ಮ ಮನೆಯ ಮೇಜಿನಲ್ಲಿ ನಡೆಸಿದೆ. ಪೋಸ್ಟ್‌ಮಾಸ್ಟರ್ ಎಲ್ಮರ್ ಕ್ವಾಂಟ್ ಮೊದಲ ಕೋಣೆಯಲ್ಲೇ ಗುಂಡಿಗೆ ಬಿದ್ದು ಸತ್ತರು. ಬಾರಿನ ಗಸ್ ಪ್ರಿಬಿಲ್ ಜೊತೆಗಾರರ ಚಿನ್ನ ಕದ್ದರು. ಪಾಸ್ಟರ್ ಲುಂಡೀನ್ ಓದಬಾರದ ಸುರುಳಿ ಓದಿ ಮೇಕೆಯಾದರು. ಶ್ರೀಮತಿ ಬರ್ನಿಸ್ ಟೋಲೆಫ್ಸನ್ ಮಲಗಿದ್ದ ಡ್ರ್ಯಾಗನ್ನಿನ ಬೆನ್ನಿಗೆ ಚೂರಿ ಹಾಕಿದರು. ಇಷ್ಟಾದರೂ ಯಾರ ಆಕಳಿಕೆಯೂ ನಿಲ್ಲಲಿಲ್ಲ. ‘ಹನ್ನೆರಡು ಮೇಜುಗಳಲ್ಲಿ ಆಡಿ ಪರೀಕ್ಷಿಸಿದ್ದು’ ಎಂದು ಪುಸ್ತಕದ ರಟ್ಟಿನ ಮೇಲೆ ಅಚ್ಚಾಗಿದೆ. ಆ ಹನ್ನೆರಡು ಮೇಜುಗಳ ಮೇಲೆ ನಮಗೆ ಮರುಕವಿದೆ. ಒಂದೂವರೆ ಬುರುಡೆ.”

ಪತ್ರಿಕೆ ಊರಿನವರ ಕೈಗೆ ಸಿಗುವ ದಾರಿಯೇ ಇಲ್ಲ ಎಂದು ಆರ್ವಿಡ್ ನಂಬಿದ್ದ. ಅದು ಅಂಚೆಯಲ್ಲಿ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಂಚಿಕೆಯ ಕಂದು ಲಕೋಟೆ, ಎಲ್ಮರ್ ಕ್ವಾಂಟ್ ಆಮೇಲೆ ಪ್ರಮಾಣ ಮಾಡಿ ಹೇಳಿದಂತೆ, ತಾನಾಗಿಯೇ ಬಿಚ್ಚಿಕೊಂಡಿತ್ತು. ಕೊನೆಯ ಪುಟಕ್ಕೆ ತಾನಾಗಿಯೇ ತೆರೆದುಕೊಂಡಿತ್ತು ಕೂಡ.

ಶುಕ್ರವಾರ ಎಂದಿನಂತೆ ಊರೆಲ್ಲ ಕರಿದ ಮೀನು ತಿನ್ನಲು ಗಸ್ ಪ್ರಿಬಿಲ್‌ನ ಬಾರಿನಲ್ಲಿ ನೆರೆದಿತ್ತು. ಆರ್ವಿಡ್ ತನ್ನ ಹೆಂಡತಿ ಲಾವರ್ನ್ ಜೊತೆ ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದದ್ದೇ ತಡ, ಎಲ್ಲರೂ ಬಾಗಿಲ ಕಡೆ ತಿರುಗಿದರು.

“ಬಾ ಆರ್ವಿಡ್, ಕೂತ್ಕೋ,” ಅಂದ ಎಲ್ಮರ್. “ನಾನು ಸತ್ತು ತಿಂಗಳಾಯ್ತಂತೆ. ಪರವಾಗಿಲ್ಲ, ಕೂತ್ಕೋ.”

ಎಲ್ಮರ್ ಮುಂದೆ, ಮೀನಿಗೆ ನೆಂಚಿಕೊಳ್ಳುವ ಟಾರ್ಟರ್ ಸಾಸಿನ ಬಟ್ಟಲಿಗೆ ಒರಗಿಸಿಟ್ಟ ಪತ್ರಿಕೆ ಆರ್ವಿಡ್‌ನ ಕಣ್ಣಿಗೆ ಬಿತ್ತು.

“ಎಲ್ಮರ್, ಅದು ಬರೀ ಆಟ—”

“ಮೊದಲ್ನೇ ಕೋಣೆ!” ಎಲ್ಮರ್ ಮುಳ್ಳುಚಮಚ ಎತ್ತಿ ಹಿಡಿದ. “ಇಪ್ಪತ್ತು ಕೋಣೆ ಇದೆಯಂತೆ ಗವೀಲಿ. ಬರ್ನಿಸ್ ಕೊನೇ ತನಕ ಹೋಗ್ತಾಳೆ. ಪಾಸ್ಟರು ಮೇಕೆಯಾಗಿಯಾದ್ರೂ ಅರ್ಧ ದಾರಿ ಮೇಯ್ಕೊಂಡು ಹೋಗ್ತಾರೆ. ನಾನು ಹೊಸ್ತಿಲಲ್ಲೇ ಗುಂಡಿಗೆ! ಮಂಜು ಸುರಿದ ಮೆಟ್ಟಿಲು ಹತ್ತಿ ಹತ್ತಿ ಮನೆಮನೆಗೆ ಕಾಗದ ಕೊಟ್ಟ ಕಾಲು ಕಣಯ್ಯಾ ಇದು. ಒಂದಿನ ಜಾರಿದ್ದು ನೋಡಿದ್ದೀಯಾ? ನನ್ನ ಹೆಂಡ್ತಿ ಏನಂದ್ಲು ಗೊತ್ತಾ? ‘ನೀನು ಹಂಗೇ, ನೋಡ್ದೆ ಕಾಲಿಡ್ತೀಯ’ ಅಂದ್ಲು!”

ಗಸ್ ಪ್ರಿಬಿಲ್ ಬಿಯರ್ ತಂದು ಮೇಜಿನ ಮೇಲೆ ಕುಕ್ಕಿದ. ಗಸ್ ದೊಡ್ಡ ಆಳು. ಅವನು ಮೆಲ್ಲಗೆ ಇಟ್ಟರೂ ಮೇಜು ಅಲುಗುತ್ತದೆ. “ಕಳ್ಳ ಬಂದಿದ್ದಾನೆ, ಎಲ್ರೂ ಜೇಬು ನೋಡ್ಕೊಳ್ಳಿ,” ಅಂದ. “ನಿನ್ನೆ ಹಾಲಿನ ಲಾರಿಯವನು ನನ್ನೆದುರೇ ಬಿಲ್ ಎರಡು ಸಲ ಕೂಡಿಸಿ ನೋಡ್ದ ಆರ್ವಿಡ್. ನಗ್ತಾ ನಗ್ತಾ ಕೂಡಿಸ್ದ! ನನ್ನ ಬಾರಿನ ಅಳತೆಗೆಲ್ಲ ಮುದ್ರೆ ಹೊಡೆದೋನು ನೀನೇ ಅಲ್ವೇನೋ?”

“ನಿನ್ನ ಅಳತೆ ಸರಿ ಇದೆ ಗಸ್—”

“ಮತ್ತೆ ಅದನ್ನ ಬರಿ!”

ಬರ್ನಿಸ್ ಟೋಲೆಫ್ಸನ್ ಬಾಯಿ ಒರೆಸಿಕೊಂಡಳು. ಆಕೆ ಚರ್ಚಿನಲ್ಲಿ ಸಾವಿನ ಮನೆಯ ಊಟದ ಉಸ್ತುವಾರಿ. ಆಕೆಯ ಒಪ್ಪಿಗೆ ಇಲ್ಲದೆ ಆ ಊರಿನಲ್ಲಿ ಯಾರೂ ಸರಿಯಾಗಿ ಸತ್ತಂತಲ್ಲ. “ಆರ್ವಿಡ್,” ಅಂದಳು, “ಮಲಗಿರೋ ಪ್ರಾಣಿಗೆ? ಬೆನ್ನಿಗೆ?”

“ಬರ್ನಿಸ್ ಅವರೇ, ಅದು ಡ್ರ್ಯಾಗನ್ನು. ಕೆಟ್ಟ ಪ್ರಾಣಿ.”

“ನಿಮ್ಮಮ್ಮನ ಜೊತೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ ನಾನು. ಎದುರಿಗೇ ಬಿಟ್ಟಿದ್ದೆ. ದಿನಾ ಅವರ ಮುಂದೇನೇ ಹೋಗಿ ಮಾತಾಡ್ತಿರಲಿಲ್ಲ. ಹಿಂದಿನಿಂದ ಏನಾದ್ರೂ ಮಾಡಿದ್ದು ನೆನಪಿದ್ಯಾ ನಿನಗೆ?”

ಆರ್ವಿಡ್‌ಗೆ ನೆನಪಿರಲಿಲ್ಲ. ಇದ್ದರೂ ಹೇಳುವ ಸಮಯ ಅದಲ್ಲ.

ಮೂಲೆಯ ಮೇಜಿನಿಂದ ಪಾಸ್ಟರ್ ಲುಂಡೀನ್ ಎದ್ದು ಬಂದರು. ಸಣಕಲು ಮನುಷ್ಯ, ಗಡ್ಡ ಚೂಪು. ಆ ಸಂಜೆ ಊರಿನವರು ಆ ಗಡ್ಡವನ್ನು ಹೊಸ ಕಣ್ಣಿನಿಂದ ನೋಡುತ್ತಿದ್ದರು. “ಮೇಲಿನವರಿಂದ ನಂಗೆ ಸುತ್ತೋಲೆ ಬಂದಿತ್ತು, ಆರ್ವಿಡ್. ಇಂಥ ಆಟದಿಂದ ಸೈತಾನ ಮನೆಯೊಳಗೆ ಬರ್ತಾನೆ ಅಂತ. ಹೋದ ಭಾನುವಾರ ತಾನೇ ಅದನ್ನ ಓದಿ ಹೇಳಿದ್ದೀನಿ. ಜನ ಈಗ ನನ್ನನ್ನ ಹೇಗೆ ನೋಡ್ತಿದ್ದಾರೆ ಗೊತ್ತಾ?” ಆಮೇಲೆ ಬಗ್ಗಿ, ಸ್ವರ ತಗ್ಗಿಸಿ ಕೇಳಿದರು: “ಗಂಡು ಮೇಕೆ ತಾನೇ?”

“ಅದನ್ನ ಬರೆದಿಲ್ಲ ಪಾಸ್ಟರ್.”

“ಬರೆದಿದ್ರೆ ಒಳ್ಳೇದಿತ್ತು.”

ಆಟ ನಡೆದೇ ಇಲ್ಲವಲ್ಲ ಎಂದು ಒಬ್ಬರೂ ಹೇಳಲಿಲ್ಲ. ಆ ಮಾತು ಯಾರಿಗೂ ಮುಖ್ಯವಾಗಿ ಕಾಣಲಿಲ್ಲ. ಅಚ್ಚಾಗಿ ಬಂದಿದೆ, ಅಂದ ಮೇಲೆ ತಾವು ಏನೋ ಮಾಡಿರಲೇಬೇಕು. ಮಾಡಿದ್ದನ್ನು ಆರ್ವಿಡ್ ತಪ್ಪಾಗಿ ಬರೆದಿದ್ದಾನೆ. ತಿದ್ದಬೇಕು.

ಲಾವರ್ನ್ ಮಾತ್ರ ಮೀನು ಮುಗಿಯುವ ತನಕ ತುಟಿ ಬಿಚ್ಚಲಿಲ್ಲ. ಇದು ಭಯಪಡಬೇಕಾದ ಸಂಗತಿ. ಲಾವರ್ನ್ ಗಡಿಯಾಚೆಯ ಇಲಿನಾಯ್‌ನವಳು. ಮದುವೆಯಾಗಿ ಬಂದು ತಲೆ ನರೆತರೂ ಊರಿಗೆ ಅವಳು ‘ಆ ಇಲಿನಾಯ್‌ನೋಳು’. ಯಾಕೆಂದರೆ ಬೇಕಾದ್ದನ್ನು ಬೇಕು ಅನ್ನುತ್ತಾಳೆ, ಬೇಡವಾದ್ದನ್ನು ಬೇಡ ಅನ್ನುತ್ತಾಳೆ. ವಿಸ್ಕಾನ್ಸಿನ್ನಿನ ಸಭ್ಯರು ಹಾಗೆ ಮಾಡುವುದಿಲ್ಲ. ಏನು ಕೊಟ್ಟರೂ ಎರಡು ಸಲ ಬೇಡ ಅಂದು, ಮೂರನೆಯ ಸಲಕ್ಕೆ “ನೀವು ಅಷ್ಟು ಹೇಳೋದಾದ್ರೆ” ಎಂದು ತೆಗೆದುಕೊಳ್ಳುತ್ತಾರೆ. ಈ ವ್ಯತ್ಯಾಸದಿಂದ ಲಾವರ್ನ್ ಮನೆಗೆ ಬಂದ ನೆಂಟರು ಎಷ್ಟೋ ಸಲ ಹಸಿದು ಹೋಗಿದ್ದರು.

ಕಾರಿನಲ್ಲಿ ಕೂತ ಮೇಲೆ ಬಾಯಿಬಿಟ್ಟಳು.

“ನಾಲ್ಕು ಸಂಜೆ. ನಮ್ಮನೇಲಿ.”

“ಹ್ಞೂ.”

“ಊರೆಲ್ಲ ಇದ್ದಾರೆ. ನಾನೆಲ್ಲಿದ್ದೆ?”

ಆರ್ವಿಡ್ ಗಾಜಿನ ಮಂಜು ಕೆರೆಯುತ್ತ ಸ್ವಲ್ಪ ಯೋಚಿಸಿದ. “ನೀನು ಮೇಲೆ ಇದ್ದೆ.”

“ಮೇಲೆ ಏನು ಮಾಡ್ತಿದ್ದೆ?”

“ಗೊತ್ತಿಲ್ಲ ಲಾವರ್ನ್.”

“ಬರ್ನಿಸ್ ಟೋಲೆಫ್ಸನ್ ಯಾರಿಗೆ ಎಲ್ಲಿ ಚುಚ್ಚಿದ್ಲು ಅಂತ ಗೊತ್ತು. ಹೆಂಡ್ತಿ ಏನು ಮಾಡ್ತಿದ್ಲು ಅಂತ ಗೊತ್ತಿಲ್ಲ.”



ಮುಂದಿನ ಮಂಗಳವಾರ ಫೋನ್ ಬಂತು. ಎತ್ತಿದವಳು ಲಾವರ್ನ್. ಆ ಕಡೆ ‘ಬೂದಿಗವಿಯ ಒಡೆಯ’ದ ಲೇಖಕ ಡ್ವೈಟ್ ಪ್ಯಾಂಕೋ. ಮಿಲ್ವಾಕಿಯಿಂದ ಮಾತಾಡುತ್ತಿದ್ದ. ಅವಳು “ಹೌದಾ,” “ಸರಿ,” “ಬನ್ನಿ, ಊಟ ಇಲ್ಲೇ ಮಾಡಿ,” ಎಂದು ಫೋನ್ ಇಟ್ಟು, ಮೆಟ್ಟಿಲ ತುದಿಯಲ್ಲಿ ನಿಂತು ನೆಲಮಾಳಿಗೆಗೆ ಕೇಳುವಂತೆ ಕೂಗಿ ಹೇಳಿದಳು:

“ಶನಿವಾರ ಪ್ಯಾಂಕೋ ಬರ್ತಾನಂತೆ. ನಿನ್ನ ಮೇಜು ಸುಳ್ಳು ಅಂತಾನೆ. ಪತ್ರಿಕೆಯವರೂ ಹೇಳಿದ್ದಾರಂತೆ, ಮೇಜು ಇದ್ರೆ ಅವನು ಬಾಯಿ ಮುಚ್ಕೋಬೇಕು. ಇಲ್ದಿದ್ರೆ ನಿನ್ನ ಪುಟ ಅವನಿಗೆ.”



“ಬರಬೇಡ ಅನ್ನಬಾರ್ದಿತ್ತಾ?” ಅಂದ ಆರ್ವಿಡ್, ಕೆಳಗಿನಿಂದ.

“ನಾನು ಯಾಕೆ ಅನ್ಲಿ? ನಾನು ಮೇಲೆ ಇದ್ದೋಳು.”

ಆ ಪುಟ ಹೋದರೆ ಆರ್ವಿಡ್‌ಗೆ ಉಳಿಯುವುದು ತಕ್ಕಡಿ ಮಾತ್ರ. ಅವನು ಹ್ಯಾಟು ಹಾಕಿಕೊಂಡು ಮನೆಮನೆಗೆ ಹೋದ. ಕಾಲಿಗೆ ಬೀಳಲೂ ತಯಾರಾಗಿದ್ದ. ಅದರ ಅಗತ್ಯವೇ ಬೀಳಲಿಲ್ಲ. ಎಲ್ಲರೂ ಒಂದೇ ಮಾತಿಗೆ ಒಪ್ಪಿದರು.

“ಬರ್ತೀನಿ,” ಅಂದ ಎಲ್ಮರ್. “ಮೊದಲ್ನೇ ಕೋಣೇಲಿ ಸಾಯಲ್ಲ, ಅಷ್ಟೇ.”

“ಅಲ್ಲ ಎಲ್ಮರ್, ನೀನು ಸಾಯಲೇಬೇಕು. ಹಾಗಂತ ಬರೆದಿದೆ. ಅವನು ಅದನ್ನೇ ನೋಡೋಕೆ ಬರ್ತಿದ್ದಾನೆ.”

“ಅವನು ಬರಲಿ. ನಾನು ಸಾಯಲ್ಲ.”

ಗಸ್ ತಾನು ಪ್ರಾಮಾಣಿಕನೆಂದು ಹೊರಗಿನವನ ಮುಂದೆ ಸಾಬೀತು ಮಾಡಲು ಬರುವುದಾಗಿ ಹೇಳಿದ. ಬರ್ನಿಸ್ ಡ್ರ್ಯಾಗನ್ನಿನ ಮುಖ ನೋಡಿಯೇ ಮಾತಾಡುವುದಾಗಿ ಹೇಳಿದಳು. ಪಾಸ್ಟರು ಸೈತಾನ ನಿಜವಾಗಿ ಬರುತ್ತಾನೋ ಏನೋ ಕಣ್ಣಾರೆ ನೋಡುವುದು ತಮ್ಮ ಕರ್ತವ್ಯ ಎಂದರು. ಬರುವಾಗ ನುಣ್ಣಗೆ ಗಡ್ಡ ಬೋಳಿಸಿಕೊಂಡು ಬಂದರು.

ಶನಿವಾರ ಮಧ್ಯಾಹ್ನ ಪ್ಯಾಂಕೋ ಬಂದ. ನೀಳ ಮನುಷ್ಯ, ದಪ್ಪ ಕನ್ನಡಕ. ಬೂಟು ಬಿಚ್ಚಿಟ್ಟು, ಒಂದರಲ್ಲಿ ಬೆರಳು ಇಣುಕುವ ಕಾಲುಚೀಲದಲ್ಲಿ ನೆಲಮಾಳಿಗೆಗೆ ಇಳಿದ. ಮಖಮಲ್ಲಿನ ಚೀಲದಿಂದ ಸ್ವಂತ ದಾಳಗಳನ್ನು ತೆಗೆದು, ಹಲ್ಲಿನ ಡಾಕ್ಟರು ಸಾಮಾನು ಹರಡುವಂತೆ ಒಂದೊಂದಾಗಿ ಜೋಡಿಸಿದ. ಪಕ್ಕದಲ್ಲಿ ವಿಮರ್ಶೆಯ ಪುಟ ತೆರೆದಿಟ್ಟ.

“ಅದೇ ಮೇಜು, ಅದೇ ಜನ,” ಅಂದ. “ಇನ್ನೊಂದ್ಸಲ ಆಡಿ. ನಾನು ಮಾತಾಡಲ್ಲ, ನೋಡ್ತೀನಿ ಅಷ್ಟೇ.” ಹೀಗೆಂದವರು ಸುಮ್ಮನಿದ್ದ ಉದಾಹರಣೆ ಆ ಆಟದ ಚರಿತ್ರೆಯಲ್ಲಿಲ್ಲ.

ಆರ್ವಿಡ್ ಗಂಟಲು ಸರಿಮಾಡಿಕೊಂಡು ಓದಿದ: “ಬೂದಿಗವಿಯ ಬಾಯಿ ನಿಮ್ಮೆದುರು ಆಕಳಿಸುತ್ತಿದೆ. ಒಳಗೆ ಕಗ್ಗತ್ತಲೆ. ಏನು ಮಾಡುತ್ತೀರಿ?”

“ನಾನು ಹೊರಗೇ ನಿಂತ್ಕೋತೀನಿ,” ಅಂದ ಎಲ್ಮರ್.

“ಹೊರಗೆ ಏನೂ ಇಲ್ಲ ಎಲ್ಮರ್.”

“ಗುಂಡೀನೂ ಇಲ್ಲ.”

ನೆಲ ಚುಚ್ಚಿ ನೋಡಲು ಹತ್ತಡಿಯ ಗಳು ಕೊಡುತ್ತೇನೆ ಎಂದು ಆರ್ವಿಡ್ ಹೇಳಿದ ಮೇಲೆ ಎಲ್ಮರ್ ಒಳಗೆ ಬಂದ. ಆದರೆ ನೆಲದ ಒಂದೊಂದು ಕಲ್ಲನ್ನೂ ಚುಚ್ಚದೆ ಕಾಲಿಡಲಿಲ್ಲ. ಚುಚ್ಚಿದ ಕಲ್ಲನ್ನು ಮತ್ತೆ ಚುಚ್ಚಿದ. ಗುಂಡಿ ಸಿಕ್ಕಾಗ ಪ್ಯಾಂಕೋ ಕಡೆ ತಿರುಗಿ, “ನೋಡಿ, ಬಿದ್ನಾ?” ಅಂದ. ಮೊದಲ ಕೋಣೆ ದಾಟುವಷ್ಟರಲ್ಲಿ ಕಾಫಿ ಎರಡು ಸುತ್ತು ಮುಗಿದಿತ್ತು.

ಪ್ಯಾಂಕೋ ಪುಟದ ಮೇಲೆ ಬೆರಳಿಟ್ಟ. “ಇಲ್ಲಿ ಸತ್ತರು ಅಂತ ಇದೆ.”

“ಪತ್ರಿಕೇಲಿ ಬರೋದೆಲ್ಲ ನಂಬ್ತೀರಾ?” ಅಂದ ಎಲ್ಮರ್.

ಐದನೆಯ ಕೋಣೆಯಲ್ಲಿ ಚಿನ್ನದ ಗಂಟು ಸಿಕ್ಕಿತು. ಗಸ್ ಅದನ್ನು ಎಲ್ಲರಿಗೂ ಹಂಚಿದ. ತನ್ನ ಪಾಲನ್ನೂ ಹಂಚಿದ. ಅಲ್ಲಿ ಕಾವಲಿದ್ದ ಕುಳ್ಳ ರಾಕ್ಷಸನಿಗೂ ಒಂದು ಪಾಲು ಕೊಟ್ಟು, ಸಾಕ್ಷಿಗೆ ಪಾಸ್ಟರನ್ನು ಕರೆದ. ರಾಕ್ಷಸ ಏನು ಮಾಡಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಆರ್ವಿಡ್ ಅವನಿಂದ ಥ್ಯಾಂಕ್ಸ್ ಹೇಳಿಸಿದ.

ಒಂಬತ್ತನೆಯ ಕೋಣೆಯಲ್ಲಿ ಮೇಕೆಯ ಸುರುಳಿ ಇತ್ತು.

“ಓದಲ್ಲ,” ಅಂದರು ಪಾಸ್ಟರು.

“ಗೋಡೆ ಮೇಲೂ ಏನೋ ಬರೆದಿದೆ ಪಾಸ್ಟರ್. ನಿಮ್ಮ ಗುಂಪಿನಲ್ಲಿ ಅಕ್ಷರ ಬರೋದು ನಿಮಗೊಬ್ಬರಿಗೇ.”

“ಅದನ್ನೂ ಓದಲ್ಲ.”

ಗೋಡೆಯ ಮೇಲೆ ‘ಮುಂದೆ ಬೆಂಕಿ, ಎಡಕ್ಕೆ ಹೋಗಿ’ ಎಂದಿತ್ತು. ಎಲ್ಲರೂ ಬಲಕ್ಕೆ ಹೋದರು. ಎಲ್ಲರ ಹುಬ್ಬೂ ಸುಟ್ಟಿತು.

“ಪುಟದಲ್ಲಿ ನೀವು ಸುರುಳಿ ಓದಿದ್ರಿ ಅಂತ ಇದೆ,” ಅಂದ ಪ್ಯಾಂಕೋ.

“ಓದಿರಬಹುದು. ಪಶ್ಚಾತ್ತಾಪ ಪಟ್ಟಿದ್ದೀನಿ,” ಅಂದರು ಪಾಸ್ಟರು. ಅದು ಅವರ ವೃತ್ತಿಯ ಉತ್ತರ. ಪ್ಯಾಂಕೋಗೆ ಮುಂದೆ ಕೇಳಲು ಜಾಗ ಸಿಗಲಿಲ್ಲ.

ಬರ್ನಿಸ್ ಕೈಯಲ್ಲಿ ಏನಿದೆ ಎಂದು ಆರ್ವಿಡ್ ಆರಂಭದಲ್ಲೇ ಕೇಳಿದ್ದ.

“ಹಾಟ್‌ಡಿಶ್,” ಅಂದಿದ್ದಳು. ಮಾಂಸ, ಬೀನ್ಸು, ಅಣಬೆ ಸೂಪು, ಮೇಲೆ ಆಲೂಗಡ್ಡೆ ಹರಡಿ ಬೇಯಿಸಿದ ಅವಳ ಹಾಟ್‌ಡಿಶ್ ತಿನ್ನದೆ ಆ ಊರಿನಲ್ಲಿ ಯಾರ ದುಃಖವೂ ಶಮನವಾಗುವುದಿಲ್ಲ. ನಿಜವಾದದ್ದೊಂದನ್ನು ರಾತ್ರಿಯ ಊಟಕ್ಕೆಂದು ತಂದು ಲಾವರ್ನ್ ಕೈಗೆ ಕೊಟ್ಟಿದ್ದಳು ಕೂಡ. ಗಾಜಿನ ಪಾತ್ರೆ. ಪಾತ್ರೆ ವಾಪಸ್ ಬರಲೆಂದು ಅಡಿಯಲ್ಲಿ ಪಟ್ಟಿ ಅಂಟಿಸಿ ‘ಬಿ. ಟೋಲೆಫ್ಸನ್’ ಎಂದು ಬರೆದಿತ್ತು.

“ಆಯುಧ ಕೇಳಿದೆ ಬರ್ನಿಸ್ ಅವರೇ. ಚೂರಿ?”

“ಕಂಡೋರ ಮನೆಗೆ ಹೋಗ್ತಿದ್ದೀವಿ ಆರ್ವಿಡ್. ಬರಿಗೈಲಿ ಹೋಗೋದಾ?”

ಹೀಗೆ ಗವಿಯಲ್ಲಿ ಒಬ್ಬರನ್ನೂ ಕೊಲ್ಲದೆ ಹತ್ತೊಂಬತ್ತನೆಯ ಕೋಣೆಗೆ ಬಂದರು. ವಿಮರ್ಶೆಯ ಒಂದು ಸಾಲೂ ಮೇಜಿನ ಮೇಲೆ ನಡೆದಿರಲಿಲ್ಲ. ಆದರೆ ಪ್ಯಾಂಕೋ ಕೋಪಗೊಂಡಿರಲಿಲ್ಲ. ಕುರ್ಚಿಗೆ ಒರಗಿ, ಕೈಕಟ್ಟಿ, ನಗುತ್ತಿದ್ದ.

“ಇದರಾಚೆ ಡ್ರ್ಯಾಗನ್,” ಅಂದ. “ಹೋದ ಸಲ ಇವರು ಹೋಗಿ ಬೆನ್ನಿಗೆ ಚುಚ್ಚಿದ್ರು ಅಂತ ಬರೆದಿದ್ದೀರ. ಯಾವ ಬಾಗಿಲಿಂದ ಹೋದ್ರು ಸ್ಕೌಗ್ ಅವರೇ?”

ಆರ್ವಿಡ್ ನಕ್ಷೆ ನೋಡಿದ. ಪುಸ್ತಕವನ್ನು ಅವನು ಆರು ಸಲ ಓದಿದ್ದ. ಭಾಷೆಯ ದೋಷ ಹಿಡಿದಿದ್ದ, ಗುಂಡಿಯ ಆಳ ತಪ್ಪೆಂದು ಲೆಕ್ಕ ಹಾಕಿದ್ದ. ಹತ್ತೊಂಬತ್ತನೆಯ ಕೋಣೆಗೂ ಇಪ್ಪತ್ತನೆಯದಕ್ಕೂ ನಡುವೆ ಇದ್ದದ್ದು ದಪ್ಪನೆಯ ಒಂದು ಕಪ್ಪು ಗೆರೆ. ಅದರಲ್ಲಿ ಬಾಗಿಲಿರಲಿಲ್ಲ. ಕಿಟಕಿಯಿರಲಿಲ್ಲ. ಇಲಿಯ ಬಿಲವೂ ಇರಲಿಲ್ಲ.

“ಬಾಗಿಲು ಬರೆಯೋದು ನಾನು ಮರೆತಿದ್ದೆ,” ಅಂದ ಪ್ಯಾಂಕೋ. ಹೆಮ್ಮೆಯಿಂದಲೇ ಅಂದ. “ಪುಸ್ತಕ ಕೊಂಡು ಆಡಿದವರೆಲ್ಲ ಕಾಗದ ಬರೆದು ಬೈದಿದ್ದಾರೆ. ಈ ಗೋಡೆ ಮುಂದೆ ಬಂದು ನಿಂತವರು ಬೈಯಲೇಬೇಕು. ದೇಶದಲ್ಲೆಲ್ಲ ಬೈಯದೆ ಡ್ರ್ಯಾಗನ್ ಕೊಂದೋರು ನೀವೊಬ್ರೇ.”

ಆರ್ವಿಡ್ ತನ್ನ ಕೈಯಿಂದ ಪುಟ ಜಾರಿ ಮಿಲ್ವಾಕಿಗೆ ಹೋಗುವುದನ್ನು ಕಣ್ಣಾರೆ ಕಂಡ. ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದ.

“ಹಿತ್ತಿಲ ಕಡೆಯಿಂದ,” ಅಂದಳು ಬರ್ನಿಸ್.

“ಏನು?”

“ಹಿತ್ತಿಲ ಬಾಗಿಲಿಂದ. ಮುಂಬಾಗಿಲಿಂದ ಯಾರಪ್ಪಾ ಹೋಗ್ತಾರೆ? ಇನ್ಶೂರೆನ್ಸ್‌ನೋನು ಹೋಗ್ತಾನೆ, ಹೆಣ ಹೊರಗೆ ಬರುತ್ತೆ. ನಾನು ಹುಟ್ಟಿದಾಗಿನಿಂದ ಯಾರ ಮನೆಗೂ ಮುಂಬಾಗಿಲಿಂದ ಹೋದೋಳಲ್ಲ. ಬೇಕಾದ್ರೆ ಪಾಸ್ಟರನ್ನ ಕೇಳಿ.”

“ಸತ್ಯ,” ಅಂದರು ಪಾಸ್ಟರು.

“ಅಮ್ಮಾ, ಹಿತ್ತಿಲೂ ಇಲ್ಲ ಅಲ್ಲಿ!”

“ಹಿತ್ತಿಲಿಲ್ಲದ ಮನೆ ಇರುತ್ತಾ? ಬೂದಿ ಎಲ್ಲಿ ಸುರೀತಾಳೆ ಮತ್ತೆ ಅವಳು?”

ಡ್ರ್ಯಾಗನ್ ‘ಅವಳು’ ಎಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಪ್ಯಾಂಕೋ ಅದನ್ನು ಹೇಳಲು ಎದ್ದು ನಿಂತ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಇನ್ನೊಂದು ದನಿ ಬಂತು.

“ನೀವು ಆಡಿದಾಗ ಯಾವ ಬಾಗಿಲಿಂದ ಹೋದ್ರಿ?”

ಲಾವರ್ನ್ ಕಾಫಿಯ ಕೆಟಲ್ ಹಿಡಿದು ಮೆಟ್ಟಿಲ ನಡುವೆ ನಿಂತಿದ್ದಳು.

“ಯಾರು ಇವರು?” ಅಂದ ಪ್ಯಾಂಕೋ.

“ಮೇಲೆ ಇದ್ದೋಳು. ಪುಸ್ತಕದ ರಟ್ಟಿನ ಮೇಲೆ ಹಾಕಿದ್ದೀರಲ್ಲ, ಹನ್ನೆರಡು ಮೇಜಲ್ಲಿ ಆಡಿ ನೋಡಿದ್ದು ಅಂತ. ಹನ್ನೆರಡು ಸಲ ಈ ಗೋಡೆ ಮುಂದೆ ಬಂದಿದ್ದೀರ. ಒಂದ್ಸಲನೂ ಬಾಗಿಲಿಲ್ಲ ಅಂತ ಗೊತ್ತಾಗ್ಲಿಲ್ವಾ? ಹೆಂಗೆ ಹೋದ್ರಿ?”

ಪ್ಯಾಂಕೋ ಕೂತ. ತಟ್ಟೆಯಿಂದ ಲೆಮನ್ ಬಾರ್ ಎಂಬ ನಿಂಬೆಯ ಸಿಹಿತಿಂಡಿಯ ಒಂದು ತುಂಡು ತೆಗೆದುಕೊಂಡು ಬಾಯಿಗಿಟ್ಟ. ಅಗಿದ. ಬಹಳ ಹೊತ್ತು ಅಗಿದ. ಅಷ್ಟು ಮೆತ್ತಗಿನ ಪದಾರ್ಥವನ್ನು ಅಷ್ಟು ಹೊತ್ತು ಅಗಿದವರನ್ನು ಆ ಮನೆ ಕಂಡಿರಲಿಲ್ಲ. ಅವನ ಕಿವಿ ಕೆಂಪಾಯಿತು. ಆರ್ವಿಡ್ ಆ ಕಿವಿ ನೋಡಿದ. ಆರ್ವಿಡ್‌ನ ಕಿವಿಯೂ ಅದೇ ಬಣ್ಣಕ್ಕಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

“ಆಟ ಮುಂದುವರಿಸಿ,” ಅಂದ ಪ್ಯಾಂಕೋ, ನುಂಗಿ.

ಎಲ್ಮರ್ ಗಳುವಿನಿಂದ ಗೋಡೆ ತಟ್ಟಿದ. ಬರ್ನಿಸ್ “ಹಲೋ, ಮನೇಲಿದ್ದೀರಾ? ನಾವೇ!” ಎಂದು ಕೂಗಿದಳು.

ಇಲ್ಲಿ ಆರ್ವಿಡ್‌ನ ಓದು ಕೈಹಿಡಿಯಿತು ಎನ್ನಬೇಕು. ನಿಯಮಪುಸ್ತಕದಲ್ಲಿ ಯಾರೂ ಓದದ ಒಂದು ಕೋಷ್ಟಕ ಉಂಟು. ರಾಕ್ಷಸರನ್ನು ಕಂಡೊಡನೆ ಹೊಡೆಯದೆ ಮಾತಾಡಿಸಿದರೆ ಅವರ ಮನಸ್ಸು ಹೇಗೆ ತಿರುಗುತ್ತದೆ ಎಂಬುದನ್ನು ಎರಡು ದಾಳ ಉರುಳಿಸಿ ತಿಳಿಯುವ ಕೋಷ್ಟಕ. ಮಾತಾಡಿಸುವ ಆಟಗಾರ ಹುಟ್ಟದಿದ್ದುದರಿಂದ ಅದು ಬಳಕೆಗೆ ಬಂದಿರಲಿಲ್ಲ. ಆರ್ವಿಡ್‌ಗೆ ಅದು ಬಾಯಿಪಾಠ. ದಾಳ ಉರುಳಿಸಿದ. ಎರಡರಲ್ಲೂ ಆರು.

“ಡ್ರ್ಯಾಗನ್‌ಗೆ ನಿಮ್ಮನ್ನ ಕಂಡು ತುಂಬ ಸಂತೋಷ ಆಗಿದೆ,” ಅಂದ ಆರ್ವಿಡ್. ಸಂತೋಷವಾದ ಡ್ರ್ಯಾಗನ್ನಿನ ದನಿ ಹೇಗಿರುತ್ತದೆಂದು ಅವನಿಗೆ ಹೊಳೆಯಲಿಲ್ಲ. ಮೆಟ್ಟಿಲ ಕಡೆ ತಿರುಗಿದ. “ಲಾವರ್ನ್, ನೀನೇ ಡ್ರ್ಯಾಗನ್ ಆಗ್ತೀಯಾ?”

ಲಾವರ್ನ್ ಕೆಟಲ್ ಕೆಳಗಿಟ್ಟಳು. ಏಪ್ರನ್ ಬಿಚ್ಚಿದಳು. ಮೇಜಿನ ತುದಿಯ ಕುರ್ಚಿ ಎಳೆದು ಕೂತಳು.

“ಗೋಡೆ ಒಡೆದು ಬಾಗಿಲು ಮಾಡ್ತೀನಿ,” ಅಂದಳು. “ಬನ್ನಿ. ಬೂಟು ಅಲ್ಲೇ ಬಿಡಿ.”

ಆಮೇಲೆ ನಡೆದ ಮಾತುಕತೆ ಅಂಥ ಆಟದಲ್ಲಿ ಹಿಂದೆ ನಡೆದದ್ದಿಲ್ಲ. ಡ್ರ್ಯಾಗನ್ ಹಾಟ್‌ಡಿಶ್ ತಿಂದಿತು. ಉಪ್ಪು ಸ್ವಲ್ಪ ಕಡಿಮೆ ಎಂದಿತು. ಬರ್ನಿಸ್ ಮುಖ ಕೆಂಪು ಮಾಡಿಕೊಂಡು, ಆದರೆ ಎದುರಿಗೇ, “ಉಪ್ಪು ಸರಿಯಾಗೇ ಇದೆ,” ಅಂದಳು. ಪಾಸ್ಟರು ಡ್ರ್ಯಾಗನ್ ಯಾವ ಚರ್ಚಿಗೆ ಹೋಗುತ್ತದೆಂದು ವಿಚಾರಿಸಿದರು. ಎಲ್ಮರ್ ನೆಲ ಚುಚ್ಚುತ್ತಲೇ ಇದ್ದ.

“ಇಷ್ಟು ದೂರ ಬಂದಿದ್ದೀರ,” ಅಂದಳು ಲಾವರ್ನ್, ಡ್ರ್ಯಾಗನ್ನಾಗಿ. “ಈ ಚಿನ್ನದ ರಾಶಿ ಪೂರ್ತಿ ತಗೊಂಡು ಹೋಗಿ.”

“ಅಯ್ಯೋ, ಬೇಡ ಬೇಡ,” ಅಂದರು ನಾಲ್ವರೂ.

“ನಿಜವಾಗ್ಲೂ, ತಗೊಳ್ಳಿ.”

“ಛೇ ಛೇ, ಅಷ್ಟೆಲ್ಲ ಯಾಕೆ,” ಅಂದ ಗಸ್. ಕುರ್ಚಿಯ ತುದಿಗೆ ಸರಿದು, ಮೂರನೆಯ ಸಲಕ್ಕೆ ಕೈ ಒರೆಸಿಕೊಂಡು ಕಾದ.

“ಸರಿ ಹಂಗಾದ್ರೆ,” ಅಂದಳು ಲಾವರ್ನ್. “ಹೋಗಿ ಬನ್ನಿ.”

ಗಸ್ ಬಾಯಿ ತೆರೆದು ಮುಚ್ಚಿದ. ಹತ್ತೊಂಬತ್ತು ಕೋಣೆಗಳ ಕಷ್ಟ ಎಲ್ಲರ ಮುಖದ ಮೇಲೆ ಒಟ್ಟಿಗೆ ಕಂಡಿತು. ಇನ್ನೊಂದು ಸಲ ಕೇಳು ಎಂದು ಅನ್ನುವುದು ಸಭ್ಯತೆಯಲ್ಲ. ಕೇಳದೆ ಹೋದವಳು ಇಲಿನಾಯ್‌ನವಳು. ಯಾರೂ ಏನೂ ಮಾಡುವಂತಿರಲಿಲ್ಲ.

“ಇದು ಪುಸ್ತಕದಲ್ಲಿಲ್ಲ,” ಅಂದ ಪ್ಯಾಂಕೋ. ಕನ್ನಡಕ ತೆಗೆದು ಒರೆಸಿದ. “ಇದನ್ನೆಲ್ಲ ಬರೀಬೇಕಿತ್ತು ನಾನು.” ಆಮೇಲೆ ತುಸು ನಾಚಿಕೊಂಡು, “ನಂದೊಂದು ಪಾತ್ರ ಮಾಡ್ಕೊಳ್ಳಾ?” ಅಂದ. “ಬೇಡ ಅಂದ್ರೆ ಬೇಡ.”

“ಬೇಡ ಏನಿಲ್ಲ, ಕೂತ್ಕೊಳ್ಳಿ,” ಅಂದಳು ಲಾವರ್ನ್. ಒಂದೇ ಸಲ ಅಂದಳು.

ರಾತ್ರಿಯ ಊಟವಾಗಿ ಎಲ್ಲರೂ ಹೊರಡುವಾಗ ಬರ್ನಿಸ್ ತನ್ನ ಗಾಜಿನ ಪಾತ್ರೆ ಕೇಳಿದಳು.

“ಅದು ಡ್ರ್ಯಾಗನ್ ಹತ್ರ ಇದೆ,” ಅಂದಳು ಲಾವರ್ನ್.

“ಆಟದ್ದಲ್ಲ, ನಿಜವಾದ್ದು.”

“ಅದೂ ಅಲ್ಲೇ ಇದೆ. ಮುಂದಿನ ಶನಿವಾರ ಬಂದು ಕೇಳಿ.”

‘ಪಂಜು ಮತ್ತು ಗಳು’ವಿನ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಎಲ್ಮರ್ ಬದುಕಿದ್ದಾರೆ, ಗಸ್ ಪ್ರಾಮಾಣಿಕರು, ಪಾಸ್ಟರು ಮನುಷ್ಯರು, ಶ್ರೀಮತಿ ಟೋಲೆಫ್ಸನ್ ಚುಚ್ಚಿಲ್ಲ, ಇಪ್ಪತ್ತನೆಯ ಕೋಣೆಗೆ ಬಾಗಿಲಿಲ್ಲ, ಡ್ರ್ಯಾಗನ್ ಲಾವರ್ನ್ ಸ್ಕೌಗ್ ಎಂದು ಅದರಲ್ಲಿತ್ತು. ಪುಸ್ತಕಕ್ಕೆ ಎರಡು ಬುರುಡೆ ಸಿಕ್ಕಿತು. ರಟ್ಟಿನ ಮೇಲಿನ ಹನ್ನೆರಡು ಮೇಜುಗಳ ಮಾತನ್ನು ಆರ್ವಿಡ್ ಆಗಲಿ ಪ್ಯಾಂಕೋ ಆಗಲಿ ಎತ್ತಲಿಲ್ಲ. ಪುಟ ಆರ್ವಿಡ್ ಹತ್ತಿರವೇ ಉಳಿಯಿತು. ಈಗ ಅವನು ಆಡಿ ನೋಡಿಯೇ ಬರೆಯುತ್ತಾನೆ. ಎಲ್ಮರ್ ಪ್ರತಿ ಕಲ್ಲನ್ನೂ ಚುಚ್ಚುವುದರಿಂದ ವರ್ಷಕ್ಕೆ ಒಂದು ಪುಸ್ತಕ ಮುಗಿಯುತ್ತದೆ. ಬರ್ನಿಸ್ ಪ್ರತಿ ಶನಿವಾರ ಹಿತ್ತಿಲ ಬಾಗಿಲಿಂದ ಬರುತ್ತಾಳೆ.

ಪಾತ್ರೆ ಇನ್ನೂ ವಾಪಸ್ ಸಿಕ್ಕಿಲ್ಲ.